ಟ್ಯಾಂಕರಿನಲ್ಲಿ ಬರುವ ಇಂಟರ್ನೆಟ್ಟು

2015ರ ಹೊತ್ತಿಗೆ ಹವಾನಾದ ಬೀದಿಗಳಲ್ಲಿ ಒಂದು ಹೊಸ ಕಸುಬು ಚೆನ್ನಾಗಿ ಬೇರೂರಿತ್ತು. ಹಾಲಿನವನು, ಪೇಪರಿನವನು ಇದ್ದ ಹಾಗೆ ಪೊಟ್ಟಣದವನು. ಸ್ಪ್ಯಾನಿಷ್‌ನಲ್ಲಿ ಪಕೆತೇರೊ. ವಾರಕ್ಕೊಮ್ಮೆ ಬಂದು ಬಾಗಿಲು ತಟ್ಟಿ, ಬೆನ್ನ ಚೀಲದಿಂದ ಅಂಗೈಯಗಲದ ಹಾರ್ಡ್ ಡಿಸ್ಕ್ ಒಂದನ್ನು ತೆಗೆದು ಕೊಡುತ್ತಿದ್ದ. ಮನೆಯವರು ಅದನ್ನು ತಮ್ಮ ಕಂಪ್ಯೂಟರಿಗೆ ಸಿಕ್ಕಿಸಿ ಬೇಕಾದ್ದನ್ನೆಲ್ಲ ಇಳಿಸಿಕೊಳ್ಳಬೇಕು. ಕೆಲವು ಗಂಟೆ ಬಿಟ್ಟು ಅವನು ಮತ್ತೆ ಬಂದು ಡಿಸ್ಕನ್ನೂ ದುಡ್ಡನ್ನೂ ತೆಗೆದುಕೊಂಡು ಮುಂದಿನ ಮನೆಗೆ ಹೋಗುತ್ತಿದ್ದ. ಕಂಪ್ಯೂಟರ್ ಇಲ್ಲದವರು, ಎಲ್ಲವೂ ಬೇಡದವರು ಪೆನ್‌ಡ್ರೈವ್ ಹಿಡಿದು ಅವನ ಮನೆಗೇ ಹೋಗಿ, ‘ಕಳೆದ ವಾರ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಮುಂದಿನ ಕಂತು ಹಾಕಿಕೊಡು’ ಎಂದು ಹಾಕಿಸಿಕೊಂಡು ಬರಬಹುದಿತ್ತು.

ಡಿಸ್ಕಿನಲ್ಲಿದ್ದುದರ ಹೆಸರು ‘ಎಲ್ ಪಕೆತೆ ಸೆಮನಾಲ್’, ವಾರದ ಪೊಟ್ಟಣ. ತೂಕ ಸುಮಾರು ಒಂದು ಟೆರಾಬೈಟ್, ಅಂದರೆ ಸಾವಿರ ಜಿಬಿ. ಅದರೊಳಗೆ ಅಮೆರಿಕದಲ್ಲಿ ಮೊನ್ನೆ ಮೊನ್ನೆ ಪ್ರಸಾರವಾದ ಧಾರಾವಾಹಿ, ಕೊರಿಯಾದ ಪ್ರೇಮಕಥೆ, ಲ್ಯಾಟಿನ್ ಅಮೆರಿಕದ ಕಣ್ಣೀರಿನ ಕಂತುಗಳು, ಯುರೋಪಿನ ಫುಟ್‌ಬಾಲ್, ಹೊಸ ಹಾಡುಗಳು, ಯೂಟ್ಯೂಬ್ ತುಣುಕುಗಳು, ಮೊಬೈಲ್ ಆ್ಯಪ್‌ಗಳು, ಪಿಡಿಎಫ್ ಪತ್ರಿಕೆಗಳು, ಮನೆ-ಕಾರು-ಫ್ರಿಜ್ಜು ಮಾರುವ ಕೊಳ್ಳುವ ಜಾಹೀರಾತುಗಳ ಜಾಲತಾಣವೊಂದರ ಪೂರಾ ನಕಲು. ಜೊತೆಗೆ ಆ ವಾರದ ಆ್ಯಂಟಿವೈರಸ್ ಅಪ್‌ಡೇಟ್. ಇದೊಂದನ್ನು ಮರೆಯದೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸೋಮವಾರದ ಬಿಸಿ ಪೊಟ್ಟಣಕ್ಕೆ ಬೆಲೆ ಜಾಸ್ತಿ ಇತ್ತು. ವಾರ ಕಳೆದಂತೆ ಸಂಜೆಯ ಸೊಪ್ಪಿನ ಹಾಗೆ ಅದೂ ಇಳಿಯುತ್ತಿತ್ತು. ಹೆಚ್ಚೆಂದರೆ ಒಂದೋ ಎರಡೋ ಡಾಲರಿಗೆ ಸಮನಾದ ದುಡ್ಡು. ಈ ಬೆಲೆಯ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಬೇಕು. ಅದೇ 2015ರ ಜುಲೈನಲ್ಲಿ ಕ್ಯೂಬಾ ಸರ್ಕಾರ ದೇಶದ ಮೂವತ್ತೈದು ಉದ್ಯಾನ, ಚೌಕಗಳಲ್ಲಿ ಸಾರ್ವಜನಿಕ ವೈ-ಫೈ ತೆರೆಯಿತು. ಗಂಟೆಗೆ ದರ ಎರಡು ಡಾಲರಿನಷ್ಟು. ಸರ್ಕಾರಿ ನೌಕರಿಯ ಸರಾಸರಿ ತಿಂಗಳ ಸಂಬಳ ಮೂವತ್ತು ಡಾಲರನ್ನೂ ಮುಟ್ಟದ ದೇಶದಲ್ಲಿ. ಆ ವೈ-ಫೈನಲ್ಲಿ ಸೆಕೆಂಡಿಗೆ ಒಂದು ಮೆಗಾಬಿಟ್ ವೇಗ ಒಂದು ಕ್ಷಣವೂ ತಪ್ಪದೆ ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ. ಒಂದು ಟೆರಾಬೈಟ್ ಎಂದರೆ ಎಂಟು ಲಕ್ಷ ಕೋಟಿ ಬಿಟ್‌ಗಳು. ಅಷ್ಟನ್ನೂ ಇಳಿಸಿಕೊಳ್ಳಲು ಹಗಲೂ ರಾತ್ರಿ ಉದ್ಯಾನದ ಕಲ್ಲುಬೆಂಚಿನಲ್ಲಿ ಕೂತರೆ 92 ದಿನ ಹಿಡಿಯುತ್ತದೆ, 4,400 ಡಾಲರಿಗೂ ಮಿಗಿಲಾಗಿ ಖರ್ಚಾಗುತ್ತದೆ. ಅದು ಆ ನೌಕರನ ಹನ್ನೆರಡು ವರ್ಷಕ್ಕೂ ಹೆಚ್ಚಿನ ಸಂಬಳ. ಒಂದು ಗಂಟೆಯ ವೈ-ಫೈ ದುಡ್ಡಿಗೆ ಪೊಟ್ಟಣದವನು ಇದನ್ನೆಲ್ಲ ಮನೆ ಬಾಗಿಲಿಗೆ ತಂದುಕೊಡುತ್ತಿದ್ದ.

ಫ್ಲೋರಿಡಾದ ತುದಿಯಿಂದ ಕ್ಯೂಬಾಕ್ಕೆ ನೂರೈವತ್ತು ಕಿಲೋಮೀಟರೂ ಇಲ್ಲ. ಆದರೂ ಆ ದ್ವೀಪಕ್ಕೆ ಸಮುದ್ರದಡಿಯ ಹೊಸ ಫೈಬರ್ ಕೇಬಲ್ ಬಂದು ತಾಗಿದ್ದು 2011ರಲ್ಲಿ, ಅದೂ ದೂರದ ವೆನೆಜುವೆಲಾದಿಂದ. ಅದರೊಳಗೆ ದತ್ತಾಂಶ ಹರಿಯುತ್ತಿರುವುದು ಕಂಡುಬಂದದ್ದು ಇನ್ನೂ ಎರಡು ವರ್ಷದ ಮೇಲೆ, 2013ರಲ್ಲಿ. ಅಲ್ಲಿಯವರೆಗೆ ಇಡೀ ದೇಶ ದುಬಾರಿ ಉಪಗ್ರಹ ಸಂಪರ್ಕವನ್ನೇ ನೆಚ್ಚಿಕೊಂಡಿತ್ತು. ಅಮೆರಿಕದ ದಿಗ್ಬಂಧನ ಒಂದು ಕಾರಣ, ತನ್ನ ಪ್ರಜೆಗಳ ಮೇಲೆ ಸರ್ಕಾರಕ್ಕಿದ್ದ ಗುಮಾನಿ ಇನ್ನೊಂದು. ಎರಡರಲ್ಲಿ ಯಾವುದರ ಪಾಲು ಎಷ್ಟು ಎಂದು ಕ್ಯೂಬನ್ನರನ್ನು ಕೇಳಿದರೆ ಹವಾನಾದಲ್ಲಿರುವವರು ಒಂದು ಹೇಳುತ್ತಾರೆ, ಮಯಾಮಿಯಲ್ಲಿರುವವರು ಇನ್ನೊಂದು. ನಮಗೆ ಇಲ್ಲಿ ಬೇಕಾದದ್ದು ಇಷ್ಟು: 2008ರಲ್ಲಿ ಜನಸಾಮಾನ್ಯರು ಕಂಪ್ಯೂಟರ್, ಡಿವಿಡಿ ಪ್ಲೇಯರ್ ಕೊಳ್ಳಬಹುದು ಎಂದಾಯಿತು. ಪೆಟ್ಟಿಗೆ ಮನೆಗೆ ಬಂತು, ತಂತಿ ಬರಲಿಲ್ಲ. ಪೊಟ್ಟಣ ಹುಟ್ಟಿದ್ದು ಆ ಅಂತರದಲ್ಲಿ.

ಬೆಂಗಳೂರಿನಲ್ಲಿ ಬೇಸಿಗೆ ಕಳೆದವರಿಗೆ ಇದನ್ನು ವಿವರಿಸಲು ಬೇರೆ ಉಪಮೆ ಬೇಡ. ನಲ್ಲಿಯಲ್ಲಿ ನೀರು ತೊಟ್ಟಿಕ್ಕುತ್ತಿರುತ್ತದೆ; ಟ್ಯಾಂಕರ್ ಬಂದರೆ ಹತ್ತು ನಿಮಿಷದಲ್ಲಿ ಸಂಪು ತುಂಬುತ್ತದೆ. ಆದರೆ ಟ್ಯಾಂಕರ್ ಫೋನ್ ಮಾಡಿದ ಕೂಡಲೇ ಬರುವುದಿಲ್ಲ. ನಲ್ಲಿಯದು ಸಣ್ಣ ಧಾರೆಯಾದರೂ ತಿರುಗಿಸಿದ ಕ್ಷಣ ಬರುತ್ತದೆ. ಜಾಲಗಳ ವಿಷಯದಲ್ಲಿ ನಾವು ‘ಸ್ಪೀಡ್’ ಎಂಬ ಒಂದೇ ಪದದಲ್ಲಿ ಗಂಟು ಹಾಕುವ ಎರಡು ಸಂಗತಿಗಳು ಇವು. ಒಂದು, ಗಂಟೆಗೆ ಎಷ್ಟು ಬರುತ್ತದೆ ಎಂಬುದು, ಕೊಳವೆಯ ಅಗಲ. ಇನ್ನೊಂದು, ಕೇಳಿದ ಮೇಲೆ ಮೊದಲ ಹನಿ ಬರಲು ಎಷ್ಟು ಹೊತ್ತು ಎಂಬುದು, ವಿಳಂಬ. ಇವೆರಡಕ್ಕೂ ಒಂದಕ್ಕೊಂದು ಸಂಬಂಧವಿರಬೇಕಾಗಿಲ್ಲ. ಫೋನಿನಲ್ಲಿ ಮಾತಾಡಲು ಅಗಲ ಹೆಚ್ಚು ಬೇಡ, ಆದರೆ ವಿಳಂಬ ಅರ್ಧ ಸೆಕೆಂಡಾದರೂ ಇಬ್ಬರೂ ಒಟ್ಟಿಗೆ ಮಾತಾಡಿ ಒಟ್ಟಿಗೆ ಸುಮ್ಮನಾಗುತ್ತೇವೆ. ಸಿನಿಮಾ ನೋಡುವುದಕ್ಕೆ ಅಗಲ ಬೇಕು. ಅದು ಗುರುವಾರದ ಬದಲು ಶನಿವಾರ ಬಂದರೆ ಪ್ರಪಂಚವೇನೂ ಮುಳುಗುವುದಿಲ್ಲ.

ಈಗ ಬಸ್ಸನ್ನು ತಂತಿ ಎಂದು ಭಾವಿಸಿ ಲೆಕ್ಕ ಹಾಕಿ. ಹವಾನಾದಿಂದ ದ್ವೀಪದ ಇನ್ನೊಂದು ತುದಿಯ ಸ್ಯಾಂಟಿಯಾಗೊ ನಗರಕ್ಕೆ ಸುಮಾರು 860 ಕಿಲೋಮೀಟರ್. ಬಸ್ಸಿಗೆ ಹದಿನೈದು ಗಂಟೆ ಬೇಕೆನ್ನಿ. ಪ್ರಯಾಣಿಕನ ಚೀಲದಲ್ಲಿ ಒಂದು ಟೆರಾಬೈಟಿನ ಡಿಸ್ಕ್ ಇದ್ದರೆ ಆ ಬಸ್ಸಿನ ‘ವೇಗ’ ಸೆಕೆಂಡಿಗೆ ಸುಮಾರು 148 ಮೆಗಾಬಿಟ್. ಹತ್ತು ಡಿಸ್ಕ್ ಇದ್ದರೆ ಅದರ ಹತ್ತರಷ್ಟು, ಟಿಕೆಟ್ ದರ ಅಷ್ಟೇ. ಡ್ರೈವರು ದಾರಿಯಲ್ಲಿ ಊಟಕ್ಕೆ ಒಂದು ಗಂಟೆ ನಿಲ್ಲಿಸಿದರೂ ಅದು ಉದ್ಯಾನದ ವೈ-ಫೈಯನ್ನು ನೂರಕ್ಕೂ ಹೆಚ್ಚು ಪಟ್ಟು ಹಿಂದೆ ಹಾಕುತ್ತದೆ. ಕಂಪ್ಯೂಟರ್ ಮಂದಿ ಇಂಥ ಸಾಗಣೆಗೆ ‘ಸ್ನೀಕರ್‌ನೆಟ್’ ಎಂದು ಹೆಸರಿಟ್ಟಿದ್ದಾರೆ, ಬೂಟುಗಾಲಿನ ಜಾಲ. ನಮ್ಮಲ್ಲಿ ಹವಾಯಿ ಚಪ್ಪಲಿಯ ಜಾಲ ಎನ್ನಬಹುದು.

2009ರಲ್ಲಿ ದಕ್ಷಿಣ ಆಫ್ರಿಕಾದ ಒಂದು ಕಂಪನಿ ತನ್ನ ನಿಧಾನಗತಿಯ ಬ್ರಾಡ್‌ಬ್ಯಾಂಡಿನಿಂದ ಬೇಸತ್ತು ವಿನ್‌ಸ್ಟನ್ ಎಂಬ ಪಾರಿವಾಳದ ಕಾಲಿಗೆ ನಾಲ್ಕು ಜಿಬಿಯ ಮೆಮೊರಿ ಕಾರ್ಡ್ ಕಟ್ಟಿ ಹಾರಿಸಿತು. ಡರ್ಬನ್ ಬಳಿಯ ಸುಮಾರು 80 ಕಿಲೋಮೀಟರನ್ನು ಹಕ್ಕಿ ಒಂದು ಗಂಟೆ ಎಂಟು ನಿಮಿಷದಲ್ಲಿ ಮುಟ್ಟಿತು. ಕಾರ್ಡಿನಿಂದ ಕಂಪ್ಯೂಟರಿಗೆ ಇಳಿಸಿದ್ದೂ ಸೇರಿ ಒಟ್ಟು ಎರಡು ಗಂಟೆ ಏಳು ನಿಮಿಷ. ಅಷ್ಟು ಹೊತ್ತಿನಲ್ಲಿ ತಂತಿಯ ಮೂಲಕ ಬಂದಿದ್ದು ನೂರಕ್ಕೆ ನಾಲ್ಕು ಪಾಲು. ಜನ ನಕ್ಕಿದ್ದು ಪಾರಿವಾಳ ಗೆದ್ದಿದ್ದಕ್ಕೆ. ನನ್ನ ಗಮನ ಹೋದದ್ದು ಇನ್ನೊಂದು ಅಂಕಿಯ ಮೇಲೆ: ಹಾರಿದ್ದಕ್ಕೆ ಹಿಡಿದಷ್ಟೇ ಹೊತ್ತು, ಹೆಚ್ಚು ಕಡಿಮೆ, ಇಳಿಸಿಕೊಳ್ಳುವುದಕ್ಕೂ ಹಿಡಿಯಿತು. ಹೊತ್ತು ಸಾಗಿಸುವ ಜಾಲದಲ್ಲಿ ದಾರಿ ಇಕ್ಕಟ್ಟಲ್ಲ. ಹತ್ತುವ ಇಳಿಯುವ ಬಾಗಿಲು ಇಕ್ಕಟ್ಟು. ಹಳೆಯ ಯುಎಸ್‌ಬಿ 2 ಕಿಂಡಿಯಲ್ಲಿ ಸೆಕೆಂಡಿಗೆ 30 ಎಂಬಿ ಇಳಿದರೆ ಹೆಚ್ಚು. ಒಂದು ಟೆರಾಬೈಟಿಗೆ ಒಂಬತ್ತು ಗಂಟೆ ದಾಟುತ್ತದೆ. ಯುಎಸ್‌ಬಿ 3ರಲ್ಲಿ ಸಾಧಾರಣ ಹಾರ್ಡ್ ಡಿಸ್ಕ್ 100 ಎಂಬಿ ಕೊಟ್ಟರೆ ಎರಡು ಮುಕ್ಕಾಲು ಗಂಟೆ. ಪೊಟ್ಟಣ ಮನೆಮನೆ ಸುತ್ತುವ ವ್ಯಾಪಾರದಲ್ಲಿ ಈ ಕಿಂಡಿಯ ಬಣ್ಣ ಹಳೆಯದರ ಕಪ್ಪೋ ಹೊಸದರ ನೀಲಿಯೋ ಎಂಬುದು ದಿನಕ್ಕೆ ಎರಡು ಮನೆಯೋ ಏಳು ಮನೆಯೋ ಎಂಬುದನ್ನು ತೀರ್ಮಾನಿಸುತ್ತದೆ.

ಮನುಷ್ಯರ ಕಾಲನ್ನೂ ಬಸ್ಸಿನ ಗಾಲಿಯನ್ನೂ ಜಾಲದ ಭಾಗವಾಗಿ ಲೆಕ್ಕಕ್ಕೆ ಹಿಡಿಯುವ ಯೋಚನೆ ಕ್ಯೂಬಾದ ಬಡತನದಲ್ಲೇ ಹುಟ್ಟಿದ್ದೇನಲ್ಲ. ಅದಕ್ಕೂ ಮುಂಚೆ ನಮ್ಮ ದೊಡ್ಡಬಳ್ಳಾಪುರದಲ್ಲಿ ಅದನ್ನು ಓಡಿಸಿ ನೋಡಿದ್ದರು. ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಹೊಸತು. ಶ್ಯಾನುಭೋಗರ ಕೈಬರಹದಿಂದ ಬಿಡುಗಡೆಯೇನೋ ಆಯಿತು, ಆದರೆ ಪಹಣಿ ಪ್ರತಿಗೆ ರೈತ ತಾಲ್ಲೂಕು ಕಚೇರಿಗೇ ಬರಬೇಕಿತ್ತು. ಹಳ್ಳಿಯಲ್ಲಿ ಕಂಪ್ಯೂಟರ್ ಇಡಬಹುದು, ಅದನ್ನು ತಾಲ್ಲೂಕಿಗೆ ಜೋಡಿಸುವುದು ಹೇಗೆ? ಅಮೆರಿಕದ ಎಂಐಟಿಯ ಮೀಡಿಯಾ ಲ್ಯಾಬಿನಿಂದ ಬಂದ ಗುಂಪು ಸಾರಿಗೆ ಬಸ್ಸೊಂದಕ್ಕೆ ಸಣ್ಣ ಕಂಪ್ಯೂಟರನ್ನೂ ವೈ-ಫೈ ಆಂಟೆನಾವನ್ನೂ ಅಳವಡಿಸಿತು. ಹೆಸರು ‘ಡಾಕ್‌ನೆಟ್’, ಅಂಚೆಯ ಡಾಕ್. ಬಸ್ಸು ಹಳ್ಳಿಯ ಕೇಂದ್ರದ ಹತ್ತಿರ ಬಂದಾಗ ಅಲ್ಲಿ ಕೂಡಿಟ್ಟಿದ್ದ ಅರ್ಜಿಗಳು ತಾವಾಗಿ ಬಸ್ಸಿಗೆ ಹತ್ತುತ್ತಿದ್ದವು. ತಾಲ್ಲೂಕು ಕೇಂದ್ರ ಮುಟ್ಟಿದಾಗ ಇಳಿದು ಸರ್ವರಿಗೆ ಹೋಗುತ್ತಿದ್ದವು. ಉತ್ತರಗಳು ಮುಂದಿನ ಟ್ರಿಪ್ಪಿನಲ್ಲಿ ವಾಪಸ್ಸು. ದಿನಕ್ಕೆ ಮೂರು ಬಾರಿ ಹೋಗಿಬರುವ ಬಸ್ಸು, ಅತ್ತ 40 ಕಿಲೋಮೀಟರ್ ದೂರದವರೆಗಿನ ಹಳ್ಳಿಗಳು. 2004ರಲ್ಲಿ ಅವರು ಪ್ರಕಟಿಸಿದ ಲೇಖನದ ಪ್ರಕಾರ ಬಸ್ಸು ವೈ-ಫೈ ವ್ಯಾಪ್ತಿಗೆ ಸಿಗುತ್ತಿದ್ದ ಸುಮಾರು ಎರಡೂವರೆ ನಿಮಿಷದಲ್ಲಿ ಸರಾಸರಿ 20 ಎಂಬಿಗಿಂತ ತುಸು ಹೆಚ್ಚು ದಾಟುತ್ತಿತ್ತು. ಅಂದಿನ ಡಯಲ್‌ಅಪ್ ಮೋಡೆಮ್ ‘ಕೀಂ ಕೊರ್ರ್’ ಎಂದು ಅರಚಿಕೊಂಡು ಮುಕ್ಕಾಲು ಗಂಟೆ ದುಡಿದರೂ ಅಷ್ಟು ತರಲಾರದು. ಹಳ್ಳಿಗೆ ಟಾರು ಹಾಕಿದ ಪುಣ್ಯಾತ್ಮರಿಗೆ ತಾವು ಕೇಬಲ್ ಎಳೆಯುತ್ತಿದ್ದೇವೆಂದು ಗೊತ್ತೇ ಇರಲಿಲ್ಲ.

ಹೀಗೆ ಇದ್ದಲ್ಲಿ ಕೂಡಿಟ್ಟುಕೊಂಡು, ಸಿಕ್ಕಿದ ವಾಹನಕ್ಕೆ ಹತ್ತಿಸಿ ಕಳಿಸುವ ತಂತ್ರಕ್ಕೆ ವಿಜ್ಞಾನದಲ್ಲಿ ವಿಳಂಬ ಸಹಿಸುವ ಜಾಲ ಎಂಬ ಶಾಖೆಯೇ ಇದೆ. ಅದರ ಆರಂಭದ ಪ್ರೇರಣೆಗಳಲ್ಲಿ ಒಂದು ಗ್ರಹಗಳ ನಡುವಣ ಸಂಪರ್ಕ. ಮಂಗಳನಿಂದ ಬರುವ ಸಂದೇಶಕ್ಕೆ ದೂರ ಹೆಚ್ಚಿದಾಗ ಇಪ್ಪತ್ತು ನಿಮಿಷ ದಾಟುತ್ತದೆ, ನಡುವೆ ಸೂರ್ಯನೇ ಅಡ್ಡ ಬರುವ ದಿನಗಳೂ ಉಂಟು. ಅಂಥಲ್ಲಿ ‘ಹಲೋ, ಕೇಳಿಸ್ತಾ ಇದೆಯಾ’ ಎಂದು ಮಾತುಮಾತಿಗೂ ಕೇಳುವ ಇಂಟರ್ನೆಟ್ಟಿನ ಶಿಷ್ಟಾಚಾರ ನಡೆಯುವುದಿಲ್ಲ.

ವಿಜ್ಞಾನಿಗಳೂ ಬೇಕಾದಾಗ ಡಿಸ್ಕ್ ಹೊರುತ್ತಾರೆ. 2017ರ ಏಪ್ರಿಲ್‌ನಲ್ಲಿ ಇವೆಂಟ್ ಹೊರೈಜನ್ ಟೆಲಿಸ್ಕೋಪ್ ತಂಡದವರು ಎಂಟು ದೂರದರ್ಶಕಗಳನ್ನು ಒಟ್ಟಿಗೆ ಕಪ್ಪುಕುಳಿಗಳತ್ತ ತಿರುಗಿಸಿದಾಗ ಸಂಗ್ರಹವಾದ ದತ್ತಾಂಶ ಪೆಟಾಬೈಟ್‌ಗಳ ಲೆಕ್ಕದ್ದು. ಅದನ್ನು ಯಾವ ತಂತಿಯೂ ಹೊರಲಾರದೆಂದು ಡಿಸ್ಕ್‌ಗಳನ್ನು ವಿಮಾನಕ್ಕೆ ಹಾಕಿ ಅಮೆರಿಕ, ಜರ್ಮನಿಗಳ ಎರಡು ಕೇಂದ್ರಗಳಿಗೆ ಕಳಿಸಿದರು. ದಕ್ಷಿಣ ಧ್ರುವದ ಡಿಸ್ಕ್‌ಗಳು ಮಾತ್ರ ಅಲ್ಲೇ ಉಳಿದವು, ಏಕೆಂದರೆ ಅಲ್ಲಿನ ಚಳಿಗಾಲದಲ್ಲಿ ವಿಮಾನ ಇಳಿಯುವುದಿಲ್ಲ. ಬಂದು ಮುಟ್ಟಿದ್ದು ಡಿಸೆಂಬರ್‌ನಲ್ಲಿ. ಟ್ಯಾಂಕರಿಗಾಗಿ ಎಂಟು ತಿಂಗಳು.

ಮತ್ತೆ ಹವಾನಾಕ್ಕೆ. ಇಡೀ ದೇಶಕ್ಕೆ ಪೊಟ್ಟಣ ಹಂಚುವ ಒಂದು ಕಚೇರಿ, ಒಂದು ಗೋದಾಮು ಎಂದೂ ಇರಲಿಲ್ಲ. ‘ಮಾತ್ರಿಸ್’ ಎಂದು ಕರೆಸಿಕೊಳ್ಳುವ ಕೆಲವು ಗುಂಪುಗಳು ರಾಜಧಾನಿಯಲ್ಲಿ ಸರಕು ಕಲೆಹಾಕುತ್ತಿದ್ದವು: ಕದ್ದು ಹಾಕಿಕೊಂಡ ಡಿಶ್ ಆಂಟೆನಾಗಳಿಂದ ಒಂದಿಷ್ಟು, ನೌಕರಿಯ ದೆಸೆಯಿಂದ ಒಳ್ಳೆಯ ಇಂಟರ್ನೆಟ್ ಇರುವವರಿಂದ ಒಂದಿಷ್ಟು. ಅಲ್ಲಿಂದ ದೊಡ್ಡ ವಿತರಕರು ನಕಲು ಮಾಡಿಕೊಳ್ಳುತ್ತಿದ್ದರು, ಅವರಿಂದ ಜಿಲ್ಲೆಯವರು, ಅವರಿಂದ ಬೀದಿಯವರು, ಅವರಿಂದ ಮನೆಯವರು. ಮನೆಯವರಿಂದ ಪಕ್ಕದ ಮನೆಯವರು ಪುಕ್ಕಟೆಯಾಗಿ, ಇದು ಎಲ್ಲ ಊರಿನಲ್ಲೂ ಇದ್ದದ್ದೇ. ಒಬ್ಬೊಬ್ಬರೂ ಹತ್ತು ಜನಕ್ಕೆ ಕೊಟ್ಟರೆ ಐದೇ ಮೆಟ್ಟಿಲಲ್ಲಿ ಒಂದು ಲಕ್ಷ ಪ್ರತಿ. ಆರನೆಯದರಲ್ಲಿ ಹತ್ತು ಲಕ್ಷ. ಆಗ ದೇಶದ ಒಟ್ಟು ಜನಸಂಖ್ಯೆ ಸುಮಾರು ಒಂದು ಕೋಟಿ ಹತ್ತು ಲಕ್ಷ. ಒಂದು ಸರ್ವರಿನಿಂದ ಎಲ್ಲರೂ ಇಳಿಸಿಕೊಳ್ಳುವ ಏರ್ಪಾಟಿನಲ್ಲಿ ಗಿರಾಕಿ ಹೆಚ್ಚಿದಷ್ಟೂ ಸರ್ವರು ಬಸವಳಿಯುತ್ತದೆ. ಇಲ್ಲಿ ಪಡೆದವನೇ ಕೊಡುವವನಾಗುವುದರಿಂದ ಗಿರಾಕಿ ಹೆಚ್ಚಿದಷ್ಟೂ ಜಾಲ ಬಲಿಯುತ್ತದೆ. ತಂತಿಯ ಲೋಕದಲ್ಲಿ 2001ರಲ್ಲಿ ಬಂದ ಬಿಟ್‌ಟೊರೆಂಟ್ ಮಾಡಿದ್ದೂ ಇದನ್ನೇ. ಸಾಂಕ್ರಾಮಿಕ ರೋಗ ಹರಡುವ ಲೆಕ್ಕವೂ ಇದೇ. ಕಂಪ್ಯೂಟರ್ ವಿಜ್ಞಾನಿಗಳು ಇಂಥ ವಿಧಾನಗಳಿಗೆ ನೇರವಾಗಿ ‘ಎಪಿಡೆಮಿಕ್’ ಎಂದೇ ಹೆಸರಿಟ್ಟಿದ್ದಾರೆ.

ಹರಡುವುದು ಸರಿ, ಆರನೆಯ ಕೈಗೆ ಬಂದ ನಕಲು ಮೊದಲನೆಯದರಷ್ಟೇ ಚೊಕ್ಕವಾಗಿರುತ್ತದೆಯೆ? ಕ್ಯಾಸೆಟ್ ಕಾಲದವರು ಇಲ್ಲವೆಂದು ಥಟ್ಟನೆ ತಲೆಯಾಡಿಸುತ್ತಾರೆ. ಟೇಪಿನಿಂದ ಟೇಪಿಗೆ ಮೂರು ಸಲ ಹೋದ ಹಾಡಿನಲ್ಲಿ ಗಾಯಕರಿಗಿಂತ ‘ಸ್ಸ್ಸ್’ ಎಂಬ ಸದ್ದೇ ಮುಂದಾಗಿರುತ್ತಿತ್ತು. ಓಲೆಗರಿಯ ಕಾಲಕ್ಕೆ ಹೋದರೆ ಕಥೆ ಇನ್ನೂ ಸ್ವಾರಸ್ಯ. ದಾನಚಿಂತಾಮಣಿ ಅತ್ತಿಮಬ್ಬೆ ಸಾವಿರ ವರ್ಷದ ಹಿಂದೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳೆಂದು ನಾವೆಲ್ಲ ಶಾಲೆಯಲ್ಲೇ ಓದಿದ್ದೇವೆ. ಗೊತ್ತಿಲ್ಲದವರ ಕೈಗೂ ಗ್ರಂಥ ಸೇರಲೆಂದು ಪ್ರತಿ ಮಾಡಿಸಿ ಹಂಚಿದ ದೊಡ್ಡ ಪ್ರಸಂಗ ಕನ್ನಡಿಗರಿಗೆ ಅದೇ. ಆದರೆ ಪ್ರತಿಕಾರ ಮನುಷ್ಯ. ಒಂದು ಒತ್ತಕ್ಷರ ಬಿಡುತ್ತಾನೆ, ಅರ್ಥವಾಗದ ಪದವನ್ನು ಅರ್ಥವಾಗುವಂತೆ ತಿದ್ದುತ್ತಾನೆ. ಪಾಠಾಂತರಗಳು ಹುಟ್ಟುವುದು ಹಾಗೆ. ಯಾವ ತಪ್ಪು ಯಾವ ಪ್ರತಿಯಲ್ಲಿ ಮರುಕಳಿಸಿದೆ ಎಂದು ನೋಡಿಯೇ ಸಂಪಾದಕರು ಪ್ರತಿಗಳ ವಂಶವೃಕ್ಷ ಬರೆಯುತ್ತಾರೆ.

ಪೆನ್‌ಡ್ರೈವಿನೊಳಗಿನ ಪ್ರತಿಕಾರನಿಗೆ ಓದು ಬಾರದು, ಅದೇ ಅವನ ಬಲ. ಅದರೊಳಗಿನ ಫ್ಲ್ಯಾಶ್ ಸ್ಮೃತಿಯನ್ನು 1980ರ ದಶಕದಲ್ಲಿ ರೂಪಿಸಿದವರು ಜಪಾನಿನ ತೋಷಿಬಾ ಕಂಪನಿಯ ಫುಜಿಯೊ ಮಸುವೋಕ. ಅದರ ಒಂದೊಂದು ಕೋಶದಲ್ಲೂ ಸುತ್ತ ನಿರೋಧಕದ ಗೋಡೆಯಿರುವ ಒಂದು ಪುಟ್ಟ ದ್ವೀಪ. ಅದರ ಮೇಲೆ ಒಂದಿಷ್ಟು ಎಲೆಕ್ಟ್ರಾನುಗಳನ್ನು ಒತ್ತಾಯದಿಂದ ನೂಕಿ ಕೂಡಿಹಾಕುತ್ತಾರೆ. ವಿದ್ಯುತ್ ನಿಂತರೂ ಅವು ವರ್ಷಗಟ್ಟಲೆ ಅಲ್ಲೇ ಸಿಕ್ಕಿಬಿದ್ದಿರುತ್ತವೆ. ಸರಳವಾದ ಮಾದರಿಯಲ್ಲಿ ಎಲೆಕ್ಟ್ರಾನು ತುಂಬಿದ್ದರೆ ಸೊನ್ನೆ, ಇಲ್ಲದಿದ್ದರೆ ಒಂದು. ಕಾಲ ಕಳೆದಂತೆ ಕೆಲವು ಸೋರಿಹೋಗುತ್ತವೆ. ಆದರೆ ಓದುವ ಯಂತ್ರ ಕೇಳುವುದು ‘ಎಷ್ಟಿವೆ’ ಎಂದಲ್ಲ, ‘ಗೆರೆಗಿಂತ ಮೇಲಿದೆಯೋ ಕೆಳಗಿದೆಯೋ’ ಎಂದು. ಗೆರೆ ದಾಟದಷ್ಟು ಸೋರಿಕೆಯನ್ನು ಅದು ಗಮನಿಸುವುದೇ ಇಲ್ಲ. ಹೊಸ ಪ್ರತಿ ಬರೆಯುವಾಗ ಹೊಸ ಕೋಶವನ್ನು ಮತ್ತೆ ಸರಿಯಾದ ಮಟ್ಟಕ್ಕೇ ತುಂಬುತ್ತದೆ. ಹೀಗೆ ನಕಲಿನ ಪ್ರತಿ ಮೆಟ್ಟಿಲಲ್ಲೂ ಹಳೆಯ ಸವಕಳಿ ಅಲ್ಲಿಗೇ ತೀರುತ್ತದೆ, ಮುಂದಿನ ಪ್ರತಿಗೆ ದಾಟುವುದಿಲ್ಲ. ಗೆರೆ ದಾಟಿ ತಪ್ಪಿದ ಬಿಟ್‌ಗಳಿಗೆ ತಿದ್ದುಪಡಿ ಸಂಕೇತಗಳ ಕಾವಲೂ ಇದೆ. ಒಂದು ಫೈಲಿಗೆ ಸಾವಿರನೆಯ ಪ್ರತಿಯಲ್ಲೂ ಪಾಠಾಂತರವಿಲ್ಲ.

ಪೊಟ್ಟಣಕ್ಕೆ ಮಾತ್ರ ಬೇಕಾದಷ್ಟು ಇತ್ತು! ಸ್ಯಾಂಟಿಯಾಗೊದವನು ತನ್ನ ಊರಿನ ಬ್ಯಾಂಡಿನ ಹಾಡು ಸೇರಿಸುತ್ತಾನೆ, ಯಾರೂ ಕೇಳದ ಫೋಲ್ಡರು ಕಿತ್ತುಹಾಕುತ್ತಾನೆ, ಬೀದಿಯ ಬ್ಯೂಟಿ ಪಾರ್ಲರಿನ ಜಾಹೀರಾತು ಅಂಟಿಸುತ್ತಾನೆ. ಎರಡು ಕೈಗಳಲ್ಲಿ ಬಂದ ಒಂದೇ ವಾರದ ಪೊಟ್ಟಣಗಳನ್ನು ಪಕ್ಕಪಕ್ಕ ಇಟ್ಟರೆ ಓಲೆಗರಿಯ ಸಂಪಾದಕನಿಗೆ ಕೈತುಂಬ ಕೆಲಸ. ಹಾಡುಗಾರರು ತಮ್ಮ ಹೊಸ ಹಾಡು ಪೊಟ್ಟಣದಲ್ಲಿ ಎದ್ದು ಕಾಣಲೆಂದು ದುಡ್ಡು ಕೊಡುತ್ತಿದ್ದರು. 2014ರಲ್ಲಿ ಶುರುವಾದ ‘ವಿಸ್ತಾರ್’ ಎಂಬ ಮನರಂಜನೆಯ ಪತ್ರಿಕೆ ಮುದ್ರಣಾಲಯದ ಮುಖ ನೋಡದೆ ಪಿಡಿಎಫ್ ರೂಪದಲ್ಲೇ ಪೊಟ್ಟಣದಲ್ಲಿ ಕೂತು ಮನೆಮನೆ ತಲುಪಿತು.

ಇನ್ನು ಆ ಆ್ಯಂಟಿವೈರಸ್ಸಿನ ವಿಷಯ. ಗೊತ್ತಿಲ್ಲದವರ ಡಿಸ್ಕನ್ನು ನಮ್ಮ ಯಂತ್ರಕ್ಕೆ ಚುಚ್ಚುವುದೆಂದರೆ ಏನೆಂದು ನನಗೆ ಕಲಿಸಿದ್ದು ಒಂದು ಜೆರಾಕ್ಸ್ ಅಂಗಡಿ. ಎರಡು ಪುಟ ಪ್ರಿಂಟ್ ತೆಗೆಸಲು ಕೊಟ್ಟ ಪೆನ್‌ಡ್ರೈವ್ ಮನೆಗೆ ಬಂದಾಗ ನನ್ನ ಫೋಲ್ಡರುಗಳೆಲ್ಲ ಶಾರ್ಟ್‌ಕಟ್‌ಗಳಾಗಿ ಕೂತಿದ್ದವು, ಪ್ರತಿಯೊಂದರ ಕಿವಿಗೂ ಒಂದು ಸಣ್ಣ ಬಾಣ. ಆ ಅನುಭವ ಇಲ್ಲದ ಓದುಗರು ಕಡಿಮೆ ಎಂದು ನನ್ನ ಅಂದಾಜು. ಡಿಸ್ಕ್ ಸಿಕ್ಕಿಸಿದ ಕೂಡಲೇ ಅದರೊಳಗಿನ ಆದೇಶವನ್ನು ಹೇಳದೆ ಕೇಳದೆ ಪಾಲಿಸುವ ‘ಆಟೊರನ್’ ಎಂಬ ವಿಪರೀತ ವಿನಯವನ್ನು ವಿಂಡೋಸ್ ಬಹುಕಾಲ ಬಿಟ್ಟಿರಲಿಲ್ಲ. ಈ ಇತಿಹಾಸ ಇನ್ನೂ ಹಳೆಯದು. 1986ರಲ್ಲಿ ಲಾಹೋರಿನ ಇಬ್ಬರು ಸಹೋದರರು ತಮ್ಮ ತಂತ್ರಾಂಶವನ್ನು ಕದ್ದು ನಕಲು ಮಾಡುವವರನ್ನು ಹಿಡಿಯಲೆಂದು ಬರೆದ ‘ಬ್ರೇನ್’ ಎಂಬ ವೈರಸ್ ಫ್ಲಾಪಿಯಿಂದ ಫ್ಲಾಪಿಗೆ ದಾಟುತ್ತ ಅಮೆರಿಕ ಮುಟ್ಟಿತು. ಅದರೊಳಗೆ ತಮ್ಮ ಹೆಸರು, ಅಂಗಡಿ ವಿಳಾಸ, ಫೋನ್ ನಂಬರನ್ನೂ ಬರೆದಿಟ್ಟಿದ್ದರು! ಇಂಟರ್ನೆಟ್ಟಿಗೆ ಜೋಡಿಸದೆ ಜೋಪಾನವಾಗಿಟ್ಟಿದ್ದ ಇರಾನಿನ ನತಾಂಜ್ ಪರಮಾಣು ಘಟಕವನ್ನು ‘ಸ್ಟಕ್ಸ್‌ನೆಟ್’ ಹೊಕ್ಕಿದ್ದೂ ಪೆನ್‌ಡ್ರೈವಿನ ಬೆನ್ನೇರಿಯೇ ಎಂಬುದು ತಜ್ಞರ ತೀರ್ಮಾನ. ಕೂಡಿಟ್ಟು ಸಾಗಿಸುವ ಜಾಲಕ್ಕೆ ಸಿನಿಮಾ ಯಾವುದು, ಸೋಂಕು ಯಾವುದು ಎಂಬ ಭೇದವಿಲ್ಲ.

ಜನರಿಗೂ ಅಷ್ಟಾಗಿ ಇಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಆವರಣದಲ್ಲಿ ಸಂಶೋಧಕರು 297 ಪೆನ್‌ಡ್ರೈವ್‌ಗಳನ್ನು ಅಲ್ಲಲ್ಲಿ ಬೀಳಿಸಿ ಕಾದರು. 2016ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಂತೆ ಹೆಚ್ಚು ಕಡಿಮೆ ಎಲ್ಲವನ್ನೂ ಯಾರೋ ಎತ್ತಿಕೊಂಡಿದ್ದರು, ನೂರಕ್ಕೆ ನಲವತ್ತೈದರಲ್ಲಿ ಒಳಗಿನ ಫೈಲನ್ನು ತೆರೆದೂ ನೋಡಿದ್ದರು. ಮೊದಲನೆಯದು ಕಂಪ್ಯೂಟರಿಗೆ ಸೇರಲು ಆರು ನಿಮಿಷವೂ ಹಿಡಿಯಲಿಲ್ಲ. ಹಲವರು ಹೇಳಿದ ಕಾರಣ, ಯಾರದೆಂದು ಪತ್ತೆಮಾಡಿ ಹಿಂದಿರುಗಿಸೋಣ ಎಂದು. ಒಳ್ಳೆಯತನವೇ ಇಲ್ಲಿ ಬಾಗಿಲು ತೆರೆಯಿತು.

ಇದೇ ಕುತೂಹಲವನ್ನು ಕಲೆಯಾಗಿಸಿದವನು ಜರ್ಮನಿಯ ಕಲಾವಿದ ಆರಂ ಬಾರ್ಥೋಲ್. 2010ರಲ್ಲಿ ನ್ಯೂಯಾರ್ಕಿನ ಐದು ಕಡೆ ಗೋಡೆಯ ಬಿರುಕಿಗೆ ಪೆನ್‌ಡ್ರೈವ್ ತೂರಿಸಿ, ಮೂತಿಯೊಂದು ಹೊರಗಿರುವಂತೆ ಸಿಮೆಂಟು ಮೆತ್ತಿದ. ‘ಡೆಡ್ ಡ್ರಾಪ್ಸ್’ ಎಂದು ಹೆಸರು. ಬಂದವರು ಲ್ಯಾಪ್‌ಟಾಪನ್ನು ಗೋಡೆಗೆ ಆನಿಸಿ, ಇದ್ದದ್ದನ್ನು ತೆಗೆದುಕೊಳ್ಳಬಹುದು, ತಮ್ಮದನ್ನು ಇಟ್ಟುಹೋಗಬಹುದು. ನೋಡನೋಡುತ್ತ ಬೇರೆ ದೇಶಗಳಲ್ಲೂ ಜನ ತಾವಾಗಿಯೇ ಹೀಗೆ ನೆಟ್ಟರು, ಸಂಖ್ಯೆ ಸಾವಿರ ದಾಟಿತು. ಕಲ್ಪನೆ ಸೊಗಸು. ಆದರೆ ನನ್ನ ಲ್ಯಾಪ್‌ಟಾಪನ್ನಂತೂ ಆ ಗೋಡೆಗೆ ಆನಿಸಲಾರೆ.

ಗೋಡೆಯ ಪೆನ್‌ಡ್ರೈವನ್ನು ನಂಬದ ನಾನು ಹವಾನಾದಲ್ಲಿದ್ದಿದ್ದರೆ ಪೊಟ್ಟಣದವನನ್ನು ನಂಬುತ್ತಿದ್ದೆ. ಇಬ್ಬರ ಹಿಂದೆಯೂ ಇರುವುದು ಮುಖ ಕಾಣದ ನೂರಾರು ಜನರೇ. ವ್ಯತ್ಯಾಸ ಮುಂದಿನ ವಾರದ್ದು. ಗೋಡೆಗೆ ಮುಂದಿನ ವಾರ ಎಂಬುದಿಲ್ಲ. ಇಟ್ಟವನು ಯಾರೋ, ಎತ್ತಿದವನು ಯಾರೋ, ಮತ್ತೆ ಸಿಗುವುದಿಲ್ಲ. ಪೊಟ್ಟಣದವನು ಬರುವ ಮಂಗಳವಾರ ಮತ್ತೆ ಇದೇ ಬಾಗಿಲು ತಟ್ಟಬೇಕು. ಈ ವಾರ ವೈರಸ್ ಕೊಟ್ಟರೆ ಬರುವ ವಾರ ಗಿರಾಕಿ ಎದುರು ಬೀದಿಯವನ ಬಳಿ ಹೋಗುತ್ತಾನೆ. ಅವನಿಗೂ ಅವನ ಮೇಲಿನವನೊಂದಿಗೆ ಇದೇ ಲೆಕ್ಕ. ಸರಪಳಿಯ ಎರಡು ತುದಿಯವರು ಪರಸ್ಪರ ಅಪರಿಚಿತರು, ಒಂದೊಂದು ಕೊಂಡಿಯಲ್ಲೂ ಮಾತ್ರ ಇಬ್ಬರಿಗೆ ಪರಿಚಯ. ಡಿಸ್ಕ್ ಸಾಗುವುದು ಆ ಪರಿಚಯದ ಮೇಲೆ. ಫೈಲು ಕೆಟ್ಟಿದೆಯೇ ಎಂದು ಗಣಿತದ ಬೆರಳಚ್ಚಿನಿಂದ ಪರೀಕ್ಷಿಸಬಹುದು. ಕಳಿಸಿದವನ ಮನಸ್ಸು ಕೆಟ್ಟಿದೆಯೇ ಎಂಬುದಕ್ಕೆ ಅಂಥ ಗಣಿತವಿಲ್ಲ, ಗಿರಾಕಿತನವೇ ಗತಿ. ಆ್ಯಂಟಿವೈರಸ್ ಅಪ್‌ಡೇಟನ್ನು ಪೊಟ್ಟಣದಲ್ಲೇ ಇಟ್ಟು ಕಳಿಸುತ್ತಿದ್ದುದು ಉಪಕಾರಕ್ಕೆಂದು ನಾನು ತಿಳಿಯುವುದಿಲ್ಲ.

ಇದೇ ಎಚ್ಚರ ಸರ್ಕಾರದ ವಿಷಯದಲ್ಲೂ ಇತ್ತು. ಪೊಟ್ಟಣದಲ್ಲಿ ಎರಡು ಸಂಗತಿ ಇರುತ್ತಿರಲಿಲ್ಲ: ಅಶ್ಲೀಲ, ರಾಜಕೀಯ. ಯಾರೂ ಕಾನೂನು ಮಾಡಿ ಹೇಳಿದ್ದಲ್ಲ, ಕಟ್ಟುವವರೇ ಹಾಕಿಕೊಂಡ ಗೆರೆ. ಹಲವು ಪೊಟ್ಟಣದವರು ಸಿ.ಡಿ. ಕೊಂಡು ಮಾರುವವರ ಸರ್ಕಾರಿ ಪರವಾನಗಿಯನ್ನೇ ಗೋಡೆಗೆ ತೂಗುಹಾಕಿಕೊಂಡು ಈ ದಂಧೆ ನಡೆಸಿದರು. ಕಾಪಿರೈಟಿನ ಮಾತು ಎತ್ತುವಂತೆಯೇ ಇಲ್ಲ. ಹಾಲಿವುಡ್ಡಿಗೆ ದುಡ್ಡು ಕಟ್ಟಿ ಸಿನಿಮಾ ತರಿಸಲು ಅಮೆರಿಕದ ದಿಗ್ಬಂಧನವೇ ಅಡ್ಡ, ಸರ್ಕಾರಿ ಟಿ.ವಿ.ಯೂ ಅದನ್ನು ದುಡ್ಡು ಕಟ್ಟದೆಯೇ ತೋರಿಸುತ್ತಿತ್ತು. ಸರ್ಕಾರ 2014ರಲ್ಲಿ ‘ಮೊಚೀಲ’, ಅಂದರೆ ಬೆನ್ನಚೀಲ, ಎಂಬ ತನ್ನದೇ ಸುಸಂಸ್ಕೃತ ಪೊಟ್ಟಣವನ್ನು ಕಟ್ಟಿ ಹಂಚಿತು. ಒಳ್ಳೆಯ ಒಳ್ಳೆಯ ಸಂಗತಿಗಳಿದ್ದವು. ಜನ ತಮ್ಮ ಹಳೆಯ ಪೊಟ್ಟಣದವನನ್ನು ಬಿಡಲಿಲ್ಲ.

2018ರ ಡಿಸೆಂಬರ್‌ನಲ್ಲಿ ಕ್ಯೂಬಾಕ್ಕೆ 3ಜಿ ಮೊಬೈಲ್ ಇಂಟರ್ನೆಟ್ ಬಂತು. ಹುಡುಗರು ಫೋನಿಗೆ ತಿರುಗಿದರು. ಆದರೂ ಡೇಟಾ ಎಣಿಸಿ ಎಣಿಸಿ ಖರ್ಚು ಮಾಡುವವರು ಇಡೀ ಸಿನಿಮಾವನ್ನು ಫೋನಿನಲ್ಲಿ ಇಳಿಸಿಕೊಳ್ಳಲು ಹೋಗಲಿಲ್ಲ. ಮಾತುಕತೆ ನಲ್ಲಿಯಲ್ಲಿ, ಸಿನಿಮಾ ಟ್ಯಾಂಕರಿನಲ್ಲಿ ಎಂದು ಕೆಲಸ ಹಂಚಿಕೆಯಾಯಿತು.

ಇಷ್ಟು ದೊಡ್ಡ ಜಾಲ ತನ್ನ ನೆನಪಿಗೆಂದು ಏನನ್ನೂ ಇಟ್ಟುಕೊಂಡಿರಲಿಲ್ಲ. ಡಿಸ್ಕಿನ ಬೆಲೆ ಭಾರಿ. ಹೊಸ ವಾರದ್ದು ಬರಬೇಕಾದರೆ ಹಳೆಯದು ಹೋಗಬೇಕು. ಹವಾನಾದ ಕಲಾವಿದ ನೆಸ್ಟರ್ ಸಿರೆ ಮತ್ತು ಅಮೆರಿಕದ ಜೂಲಿಯಾ ವೈಸ್ಟ್ ಇಬ್ಬರೂ ಸೇರಿ 52 ವಾರಗಳ ಪೊಟ್ಟಣಗಳನ್ನು 64 ಟೆರಾಬೈಟಿನ ಒಂದು ಸರ್ವರಿನಲ್ಲಿ ಕೂಡಿಟ್ಟು 2017ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿಟ್ಟರು. ಉಳಿದ ವಾರಗಳನ್ನು ಹುಡುಕಬೇಕಾದರೆ ಜನರ ಮೇಜಿನ ಖಾನೆಗಳಲ್ಲೇ ಹುಡುಕಬೇಕು. ಕ್ಯೂಬಾದವರು ಪೆನ್‌ಡ್ರೈವನ್ನು ‘ಮೆಮೊರಿಯ’ ಎನ್ನುತ್ತಾರೆ, ನಮ್ಮ ಮೊಬೈಲ್ ಅಂಗಡಿಯವರು ‘ಮೆಮೊರಿಗೆ ಹಾಡು ಹಾಕ್ಕೊಡ್ಲಾ’ ಎನ್ನುತ್ತಿದ್ದ ಹಾಗೆಯೇ. ಅದರಲ್ಲಿನ ಫೈಲನ್ನು ಅಳಿಸಿದಾಗ ಒಳಗಿನ ಎಲೆಕ್ಟ್ರಾನುಗಳು ಕೂತಲ್ಲಿಂದ ಅಲುಗುವುದಿಲ್ಲ. ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿರುವ ಹಳೆಯ ಮಾದರಿಯ ಪಟ್ಟಿಯಲ್ಲಿ ಫೈಲಿನ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ಒಂದು ಗುರುತು ಬೀಳುತ್ತದೆ, ಈ ಜಾಗ ಖಾಲಿ ಎಂದು ಬರೆದುಕೊಳ್ಳುತ್ತದೆ, ಅಷ್ಟೆ. ಮೇಲೆ ಇನ್ನೊಂದು ಬಂದು ಕೂರುವವರೆಗೆ ಹಳೆಯದು ಅಡಿಯಲ್ಲಿ ಇದ್ದೇ ಇರುತ್ತದೆ. ಹಾಗಾಗಿ ಈ ವಾರದ ಕಂತುಗಳನ್ನು ತುಂಬಿಸಿಕೊಂಡು ಮನೆಗೆ ಹೊರಟ ಹುಡುಗಿಯ ಜೇಬಿನಲ್ಲಿ ಹೋದ ವಾರದ ಅರ್ಧ ಹಾಡು, ಅದರ ಹಿಂದಿನ ವಾರದ ಒಂದು ಫುಟ್‌ಬಾಲ್ ಪಂದ್ಯದ ಕೊನೆಯ ಹತ್ತು ನಿಮಿಷ, ಯಾರೋ ಮಾರಲಿಟ್ಟಿದ್ದ ಫ್ರಿಜ್ಜಿನ ಫೋಟೊ ಕೂಡ ಇರುತ್ತವೆ.